ಹುಡುಗರು ಎಲ್ಲಿ ಮಲಗುತ್ತಾರೆ?

ಮೊದಲು ದೋಸೆಯ ವಿಷಯ ಹೇಳಿ ಮುಗಿಸುತ್ತೇನೆ. ಹೋಟೆಲಿನ ವಿಮರ್ಶೆ ಓದಲು ಬಂದವರಿಗೆ ಮೊದಲು ಬೇಕಾಗಿರುವುದು ಅದೇ. ಮೈಸೂರಿನ ಅಗ್ರಹಾರದ ಕಡೆ, ದೊಡ್ಡ ರಸ್ತೆಯಿಂದ ಎರಡು ತಿರುವು ಒಳಗೆ ಹೋದರೆ ಸಿಗುವ ಈ ಹೋಟೆಲಿನಲ್ಲಿ ಸೆಟ್ ದೋಸೆಗೆ ಮೂರು ಕೊಡುತ್ತಾರೆ. ಅಂಚೂ ಮೆತ್ತಗೆ, ಮೈತುಂಬ ತೂತು, ಸಾಗು ನೀರಾಗಿರುವುದಿಲ್ಲ. ಬೆಣ್ಣೆ ಕೇಳಿದರೆ ಹಾಕುತ್ತಾರೆ, ಕೇಳದಿದ್ದರೆ ಮರೆಯುತ್ತಾರೆ. ಕಾಫಿಯಲ್ಲಿ ಚಿಕೋರಿ ಒಂದು ಹೆಜ್ಜೆ ಮುಂದೆ. ಕೇಸರಿಬಾತನ್ನು ಬೆಳಿಗ್ಗೆ ಒಂಬತ್ತರ ಒಳಗೆ ತಿನ್ನಬೇಕು. ಆಮೇಲೆ ಅದನ್ನು ಚಮಚದಿಂದ ಅಗೆಯಬೇಕಾಗುತ್ತದೆ. ಹೋಟೆಲಿನ ಹೆಸರು ಬರೆಯುವುದಿಲ್ಲ. ಬೇಡ ಎಂದವರು ಯಜಮಾನರೇ. ಬರೆದರೆ ಭಾನುವಾರ ನನಗೆ ಜಾಗ ಸಿಗುವುದಿಲ್ಲ ಎನ್ನುವುದು ನನ್ನ ಕಡೆಯ ಕಾರಣ.

ಐದಕ್ಕೆ ನಾನು ಕೊಡುವ ಅಂಕ ನಾಲ್ಕು. ಇದರಲ್ಲಿ ಎರಡೂವರೆ ತಿಂಡಿಗೆ, ಉಳಿದ ಒಂದೂವರೆ ಕೊರೊನಾ ಕಾಲದಲ್ಲಿ, 2020 ಮತ್ತು 2021ರಲ್ಲಿ, ಅವರು ಬಾಗಿಲು ತೆರೆದ ರೀತಿಗೆ. ಇಷ್ಟು ವರ್ಷವಾದ ಮೇಲೂ ಆ ಅಂಕವನ್ನು ಯಾಕೆ ಹಿಡಿದುಕೊಂಡು ಕೂತಿದ್ದೀರಿ ಎಂದು ಮಗಳು ಕೇಳುತ್ತಾಳೆ. ಮೂವತ್ತನಾಲ್ಕು ವರ್ಷ ಪುರಸಭೆ, ನಗರಸಭೆಗಳಲ್ಲಿ ಆರೋಗ್ಯ ನಿರೀಕ್ಷಕನಾಗಿದ್ದವನು ನಾನು. ಹೋಟೆಲಿಗೆ ಹೋದರೆ ಮೊದಲು ನೀರಿನ ತೊಟ್ಟಿಯ ಮುಚ್ಚಳ ನೋಡುತ್ತೇನೆ, ಆಮೇಲೆ ಹಿಂದಿನ ಬಾಗಿಲು, ಕೊನೆಗೆ ಮೆನು. ಹೆಂಡತಿ ನನ್ನೊಂದಿಗೆ ಹೊರಗೆ ಊಟಕ್ಕೆ ಬರುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು.

2020ರ ಮಾರ್ಚ್ 25ರಿಂದ ಎಲ್ಲ ಮುಚ್ಚಿತ್ತು. ಆಮೇಲೆ ಪಾರ್ಸೆಲ್ ಮಾತ್ರ. ಕೇಂದ್ರ ಆರೋಗ್ಯ ಸಚಿವಾಲಯ ಜೂನ್ 4ರಂದು ಹೋಟೆಲುಗಳಿಗೆ ಮಾರ್ಗಸೂಚಿ ಕೊಟ್ಟಿತು. ಜೂನ್ 8, ಸೋಮವಾರ, ಕುಳಿತು ತಿನ್ನಲು ಅನುಮತಿ ಸಿಕ್ಕಿತು. ಆ ಮಾರ್ಗಸೂಚಿಯನ್ನು ಪೂರ್ತಿ ಓದಿದ ಕೆಲವೇ ಗಿರಾಕಿಗಳಲ್ಲಿ ನಾನೊಬ್ಬ ಇರಬಹುದು. ಅರ್ಧದಷ್ಟು ಆಸನ, ಆರಡಿ ಅಂತರ, ಬಾಗಿಲಲ್ಲಿ ಜ್ವರ ತಪಾಸಣೆ, ಬಟ್ಟೆಯ ಬದಲು ಕಾಗದದ ಕರವಸ್ತ್ರ, ಹವಾನಿಯಂತ್ರಣ 24ರಿಂದ 30 ಡಿಗ್ರಿಯ ನಡುವೆ, ಸಾಧ್ಯವಾದಷ್ಟು ಹೊರಗಿನ ಗಾಳಿ. ಜೊತೆಗೆ 65 ದಾಟಿದವರು ಮನೆಯಲ್ಲೇ ಇರುವುದು ಒಳ್ಳೆಯದು ಎಂಬ ಸಲಹೆ. ಆಗ ನನಗೆ 67. ಸಲಹೆಯನ್ನು ಗೌರವದಿಂದ ಓದಿ, ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಟೆಲಿಗೆ ಹೋದೆ. ಹತ್ತು ವಾರ ಮನೆಯ ಉಪ್ಪಿಟ್ಟು ತಿಂದವರಿಗೆ ನನ್ನ ತಪ್ಪು ಅರ್ಥವಾದೀತು.

ಆ ವಾರ ಎರಡು ಕಡೆ ತಿಂದೆ. ಒಂದು ಹೊಸ ಕಟ್ಟಡವೊಂದರ ಮೂರನೆಯ ಮಹಡಿಯ ದೊಡ್ಡ ರೆಸ್ಟೋರೆಂಟ್, ಅದರ ಹೆಸರೂ ಬೇಡ. ಬಾಗಿಲಲ್ಲಿ ಮುಖಕ್ಕೆ ಪ್ಲಾಸ್ಟಿಕ್ ಪರದೆ ತೊಟ್ಟ ಹುಡುಗ ಹಣೆಗೆ ಗನ್ ಹಿಡಿದ. 34.1 ಡಿಗ್ರಿ ತೋರಿಸಿತು. ಆ ಲೆಕ್ಕದಲ್ಲಿ ನನ್ನನ್ನು ಆಂಬುಲೆನ್ಸಿನಲ್ಲಿ ಸಾಗಿಸಬೇಕಿತ್ತು. ಅವನು ‘ನಾರ್ಮಲ್ ಸಾರ್’ ಎಂದು ಒಳಗೆ ಬಿಟ್ಟ. ಚಪ್ಪಲಿಗೂ ಏನೋ ಸಿಂಪಡಿಸಿದರು. ಮೇಜಿನ ಮೇಲೆ ಮೆನು ಇರಲಿಲ್ಲ, ಚೌಕಾಕಾರದ ಕಪ್ಪು ಚುಕ್ಕೆಗಳ ಒಂದು ಚೀಟಿ ಇತ್ತು, ಮೊಬೈಲಿನಲ್ಲಿ ತೆರೆದು ಓದಬೇಕಂತೆ. ಎಲ್ಲ ಮಿರಮಿರ ಮಿಂಚುತ್ತಿತ್ತು. ಆದರೆ ಒಂದು ಕಿಟಕಿಯೂ ತೆರೆಯುವಂತಿರಲಿಲ್ಲ, ಗೋಡೆ ಪೂರ್ತಿ ಗಾಜು. ಏಸಿ ಅದೇ ಗಾಳಿಯನ್ನು ಎಳೆದು, ತಣ್ಣಗೆ ಮಾಡಿ, ಮತ್ತೆ ನಮ್ಮ ಮುಖಕ್ಕೇ ಬಿಡುತ್ತಿತ್ತು. ಸೂಪ್ ಬರುವ ಮೊದಲೇ ಎದ್ದು ಬಂದೆ.

ನಾನು ಹೆದರುಪುಕ್ಕಲ ಅಂದುಕೊಳ್ಳಬೇಡಿ. ಚೀನಾದ ಗುವಾಂಗ್‌ಝೌ ನಗರದ ಒಂದು ರೆಸ್ಟೋರೆಂಟಿನ ವಿಷಯ ಆಗಲೇ ಓದಿದ್ದೆ. 2020ರ ಜನವರಿ 24, ಅವರ ಹೊಸ ವರ್ಷದ ಹಿಂದಿನ ದಿನದ ಮಧ್ಯಾಹ್ನದ ಊಟ. ವುಹಾನ್‌ನಿಂದ ಬಂದ ಕುಟುಂಬವೊಂದು ಮಧ್ಯದ ಮೇಜಿನಲ್ಲಿ, ಎರಡು ಪಕ್ಕದಲ್ಲೂ ಒಂದೊಂದು ಕುಟುಂಬ. ಆ ಮೂರು ಮೇಜುಗಳ ಹತ್ತು ಜನರಿಗೆ ಸೋಂಕು ತಗುಲಿತು. ಅದೇ ಮಹಡಿಯಲ್ಲಿದ್ದ ಉಳಿದ ಗಿರಾಕಿಗಳಿಗೂ ಬಡಿಸುತ್ತಿದ್ದವರಿಗೂ ಏನೂ ಆಗಲಿಲ್ಲ. ಕಿಟಕಿ ಇಲ್ಲದ ಜಾಗ, ಆ ಮೂರು ಮೇಜುಗಳ ನಡುವೆಯೇ ಸುತ್ತುತ್ತಿದ್ದ ಏಸಿ ಗಾಳಿ. ಆ ಜುಲೈನಲ್ಲಿ 239 ವಿಜ್ಞಾನಿಗಳು ಸೇರಿ, ಇದು ಗಾಳಿಯಲ್ಲೂ ಹರಡುತ್ತದೆ ಎಂಬುದನ್ನು ಗಂಭೀರವಾಗಿ ಪರಿಗಣಿಸಿ ಎಂದು ಬಹಿರಂಗ ಪತ್ರ ಬರೆದರು. ಅಷ್ಟು ಹೊತ್ತಿಗೆ ನಮ್ಮ ಊರಿನ ಅಂಗಡಿಗಳವರು ಚಿಲಕ, ಮೆಟ್ಟಿಲು, ನೋಟು, ಟೊಮೆಟೊ ಎಲ್ಲ ತೊಳೆದು ಸುಸ್ತಾಗಿದ್ದರು. ಬ್ಲೀಚಿಂಗ್ ಪೌಡರಿನ ಮೇಲೆ ನನಗೆ ಎಂದೂ ಸಿಟ್ಟಿಲ್ಲ, ಅದರ ವಾಸನೆಯಲ್ಲೇ ಸಂಬಳ ಎಣಿಸಿದವನು. ಆದರೆ ಕಾಲರಾದ ಔಷಧಿಯನ್ನು ಉಸಿರಿನ ರೋಗಕ್ಕೆ ಸುರಿದರೆ ಕೈಗೆ ಕೆಲಸ ಮಾಡಿದ ತೃಪ್ತಿ ಸಿಗುತ್ತದೆ, ಅಷ್ಟೇ.

ಮಾರನೆಯ ದಿನ ಈ ನಮ್ಮ ಹೋಟೆಲಿಗೆ ಬಂದೆ. ಬೆಳಿಗ್ಗೆ ಆರೂವರೆ. ಒಳಗೆ ಇಬ್ಬರೇ. ಹದಿನಾರು ಮೇಜುಗಳಲ್ಲಿ ಎಂಟನ್ನು ಎತ್ತಿ ಹಿಂದಿನ ಅಂಗಳದಲ್ಲಿ ಒಂದರ ಮೇಲೊಂದು ಪೇರಿಸಿದ್ದರು. ಸ್ಟೀಲ್ ತಟ್ಟೆಯ ಬದಲು ಬಾಳೆಎಲೆ ಬಂದಿತ್ತು. ಚಟ್ನಿ, ಸಾಂಬಾರಿನ ಬಕೆಟ್ಟುಗಳನ್ನು ಮೇಜಿನಿಂದ ತೆಗೆದಿದ್ದರು. ಮಾಣಿಯೇ ಬಂದು ಬಡಿಸಬೇಕು. ಇದರಿಂದ ಎರಡನೆಯ ಸಲದ ಸಾಂಬಾರಿಗೆ ಕಾಯುವುದು ಒಂದು ವ್ರತದಂತಾಯಿತು, ಅದು ಬೇರೆ ಮಾತು. ಬೈಟೂ ಕಾಫಿಯನ್ನು ಒಳಗಿನಿಂದಲೇ ಎರಡು ಲೋಟಕ್ಕೆ ಹಾಕಿ ತರುತ್ತಿದ್ದರು. ಕಾಗದದ ಲೋಟ. ಅದರಲ್ಲಿ ಕಾಫಿ ಮೇಣದ ರುಚಿ ಹತ್ತಿಸಿಕೊಳ್ಳುತ್ತದೆ. ಕುದಿಯುವ ಹಂಡೆಯಲ್ಲಿ ಅದ್ದಿದ ಸ್ಟೀಲ್ ಲೋಟದಲ್ಲಿ ಯಾವ ವೈರಾಣುವೂ ಬದುಕುವುದಿಲ್ಲ ಎಂದು ಆ ದಿನವೇ ಹೇಳಿದೆ. ಯಜಮಾನರು ಗಿರಾಕಿಗಳು ಒಪ್ಪುವುದಿಲ್ಲ ಎಂದರು. ಈ ವಾದದಲ್ಲಿ ಗೆಲ್ಲಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಬಾಗಿಲಲ್ಲಿ ಒಂದು ಪುಸ್ತಕ ಇಟ್ಟಿದ್ದರು: ಹೆಸರು, ಮೊಬೈಲ್ ಸಂಖ್ಯೆ, ಹೊತ್ತು. ಯಾರಿಗಾದರೂ ಸೋಂಕು ಬಂದರೆ ಅದೇ ಹೊತ್ತಿನಲ್ಲಿ ಕೂತಿದ್ದವರಿಗೆ ತಿಳಿಸಲು. ಒಳ್ಳೆಯ ಕ್ರಮ. ಆದರೆ ಪುಟ ತಿರುಗಿಸಿದರೆ ಮೂರು ದಿನ ಬಂದುಹೋದ ಹೆಣ್ಣುಮಕ್ಕಳ ನಂಬರೆಲ್ಲ ಯಾರ ಕಣ್ಣಿಗಾದರೂ ಬೀಳುವಂತಿತ್ತು. ಅದೇ ಕಾರಣಕ್ಕೆ ಅರ್ಧ ಜನ ಸುಳ್ಳು ಬರೆದಿದ್ದರು. ಒಬ್ಬ ಮಹಾನುಭಾವ ‘ಮಯೂರವರ್ಮ’ ಎಂದು ಬರೆದು ಹತ್ತು ಸೊನ್ನೆ ಹಾಕಿದ್ದ. ಜನ ನಿಜ ಹೇಳಬೇಕಾದರೆ ಅದನ್ನು ಮುಚ್ಚಿಟ್ಟುಕೊಳ್ಳುವ ಯೋಗ್ಯತೆ ಮೊದಲು ನಮಗಿರಬೇಕು ಎಂದೆ. ಮರುದಿನ ಪುಸ್ತಕ ಹೋಗಿ ಚೀಟಿ ಬಂತು, ಹಳೆಯ ಬಿಸ್ಕತ್ತಿನ ಡಬ್ಬಕ್ಕೆ ಮೇಲೆ ಸೀಳು ಮಾಡಿ ಅದರಲ್ಲಿ ಹಾಕುವುದು. ದಿನಕ್ಕೊಂದು ಕಟ್ಟು, ಹದಿನೈದು ದಿನವಾದ ಮೇಲೆ ಒಲೆಗೆ.

ಇನ್ನು ಊದುಬತ್ತಿಯ ಕಥೆ.

ಗಲ್ಲಾದ ಹಿಂದೆ ಉಡುಪಿ ಕೃಷ್ಣನ ಪಟವಿದೆ. ಎರಡು ಊದುಬತ್ತಿ ಕೊಡಿ ಎಂದೆ. ಯಜಮಾನರು ನಾನು ಆರತಿ ಎತ್ತುತ್ತೇನೆ ಅಂದುಕೊಂಡು ಚಪ್ಪಲಿ ಬಿಟ್ಟು ನಿಂತರು. ಫ್ಯಾನುಗಳನ್ನೆಲ್ಲ ಆರಿಸಿ ಎಂದೆ. ಹಾಲಿನ ನಡುವೆ ಒಂದು ಮೇಜಿನ ಮೇಲೆ, ಕೂತವರ ಮೂಗು ಇರುವ ಎತ್ತರದಲ್ಲಿ ಊದುಬತ್ತಿ ಹಿಡಿದೆ. ಹೊಗೆ ನೆಟ್ಟಗೆ ಎರಡು ಅಡಿ ಏರಿತು, ಅಲ್ಲಿ ಸುರುಳಿ ಸುತ್ತಿ, ತೆಳ್ಳಗೆ ಹರಡಿ, ಬೆಳಗಿನ ಬಿಸಿಲಿನ ಪಟ್ಟಿಯಲ್ಲಿ ನಿಂತೇ ಬಿಟ್ಟಿತು. ನಾಲ್ಕು ನಿಮಿಷ ನೋಡಿದೆವು. ಅಲುಗಲಿಲ್ಲ. ‘ಇದು ಒಬ್ಬರ ಉಸಿರು ಅಂದುಕೊಳ್ಳಿ. ಪಕ್ಕದ ಮೇಜಿನವರು ಇದನ್ನೇ ಉಂಡು ಹೋಗುತ್ತಾರೆ’ ಎಂದೆ. ಯಜಮಾನರು ಫ್ಯಾನ್ ಹಾಕಿದರು. ಹೊಗೆ ಎಲ್ಲ ಮೇಜಿಗೂ ಸಮನಾಗಿ ಹಂಚಿಕೆಯಾಯಿತು. ಅವರ ಮುಖದಲ್ಲಿ ಕಳವಳ ಕಂಡಿದ್ದು ಆಗಲೇ.

ಮೇಲೆ, ಗೋಡೆಯ ತುದಿಯಲ್ಲಿ, ಹಳೆಯ ಕಾಲದ ನಾಲ್ಕು ಗವಾಕ್ಷಿಗಳಿದ್ದವು. ಪಾರಿವಾಳ ಬರುತ್ತದೆ ಎಂದು ಯಾವ ಕಾಲದಲ್ಲೋ ರಟ್ಟು ಹೊಡೆದು, ಮೇಲೆ ಬಣ್ಣ ಬಳಿದು ಗೋಡೆಯೇ ಮಾಡಿದ್ದರು. ರಟ್ಟು ಕಿತ್ತು ಕೋಳಿಬಲೆ ಹೊಡೆಸಿದರು. ಬೀದಿ ಕಡೆಯ ಎರಡು ಕಿಟಕಿ ತೆರೆಸಿದರು. ಅಡುಗೆಮನೆಯಲ್ಲಿದ್ದ ಹೊಗೆಯ ಫ್ಯಾನ್ ಜೋರಾಗಿ ಹಾಕಿದರೆ ಹಾಲಿನ ಗಾಳಿಯೂ ಆ ಕಡೆಗೆ ಹೋಗುತ್ತಿತ್ತು, ಊದುಬತ್ತಿಯ ಹೊಗೆ ಅಡುಗೆಮನೆಯ ಬಾಗಿಲ ಕಡೆ ಬಾಗಿದ್ದು ಕಣ್ಣಿಗೇ ಕಂಡಿತು. ಯಜಮಾನರಿಗೆ ಖುಷಿ. ನನಗೆ ಅಲ್ಲ. ನೂರು ಗಿರಾಕಿಗಳ ಉಸಿರನ್ನೆಲ್ಲ ದೋಸೆ ಹುಯ್ಯುವ ಭಟ್ಟರ ಮೂಗಿನ ಮುಂದೆ ಹಾಯಿಸಿ ಹೊರಗೆ ಕಳಿಸುವುದು ಯಾವ ನ್ಯಾಯ? ಹಾಲಿನ ಹಿಂಗೋಡೆಯಲ್ಲಿ, ಎತ್ತರದಲ್ಲಿ, ಬೇರೆಯದೇ ಫ್ಯಾನ್ ಕೂರಿಸಿ ಎಂದೆ. ನಾಲ್ಕು ದಿನದಲ್ಲಿ ಬಂತು. ಮತ್ತೆ ಊದುಬತ್ತಿ ಹಚ್ಚಿದೆವು. ಹೊಗೆ ಓರೆಯಾಗಿ, ಆತುರದಲ್ಲಿರುವವರಂತೆ ಆ ಫ್ಯಾನಿನ ಕಡೆಗೆ ಹೊರಟಿತು. ಅಷ್ಟು ಹೊತ್ತಿಗೆ ಮಾಣಿಗಳಿಗೂ ಆಟ ಹತ್ತಿ, ‘ಫ್ಯಾಮಿಲಿ ರೂಮಿನಲ್ಲೂ ಹಿಡಿಯಿರಿ ಸಾರ್’ ಎಂದು ಕರೆದರು. ಅಲ್ಲಿ ಹೊಗೆ ನಿಂತಲ್ಲೇ ನಿಂತಿತು. ಆ ಕೋಣೆಗೆ ಬೀಗ ಬಿತ್ತು, ಎರಡು ವರ್ಷ ಅಲ್ಲಿ ಅಕ್ಕಿಮೂಟೆ ಇದ್ದವು.

ಇಷ್ಟಾದ ಮೇಲೆ, ನಿರೀಕ್ಷಕನಾಗಿದ್ದ ಕಾಲದಲ್ಲೂ ಯಾವ ನಮೂನೆಯಲ್ಲೂ ಬರೆಯಬೇಕಾಗಿಲ್ಲದಿದ್ದ ಪ್ರಶ್ನೆಯೊಂದನ್ನು ಕೇಳಿದೆ. ‘ನಿಮ್ಮ ಹುಡುಗರು ಎಲ್ಲಿ ಮಲಗುತ್ತಾರೆ?’

ಯಜಮಾನರು ಮೇಲಕ್ಕೆ ಕೈ ತೋರಿಸಿದರು. ಕಬ್ಬಿಣದ ಏಣಿ ಹತ್ತಿ ಹೋದೆ. ಹತ್ತು ಹನ್ನೆರಡಡಿಯ ಒಂದು ಕೋಣೆ, ಒಂಬತ್ತು ಚಾಪೆ. ಚಾಪೆಯ ಅಂಚಿಗೆ ಚಾಪೆಯ ಅಂಚು ತಾಗಿತ್ತು. ಒಂದೇ ಕಿಟಕಿ, ಅದೂ ಒಲೆಯ ಹೊಗೆ ಬರುತ್ತದೆಂದು ಸದಾ ಮುಚ್ಚಿದ್ದು. ಹಗ್ಗದ ಮೇಲೆ ಒಂಬತ್ತು ಲುಂಗಿ. ಕೆಳಗೆ ಗಿರಾಕಿಗಳಿಗೆ ಆರಡಿ ದೂರ, ಮೇಲೆ ಬಡಿಸುವವರಿಗೆ ಒಂದು ಗೇಣೂ ಇಲ್ಲ. ಸಿಂಗಪುರ ಮೊದಲ ತಿಂಗಳುಗಳಲ್ಲಿ ರೋಗವನ್ನು ಹಿಡಿತದಲ್ಲಿಟ್ಟಿತ್ತು, ಎಲ್ಲರೂ ಹೊಗಳುತ್ತಿದ್ದರು. ಏಪ್ರಿಲ್‌ನಲ್ಲಿ ವಲಸೆ ಕಾರ್ಮಿಕರ ವಸತಿಗಳಲ್ಲಿ ಬೆಂಕಿಯಂತೆ ಹಬ್ಬಿತು. ಆ ವರ್ಷ ಆ ದೇಶದ ಬಹುಪಾಲು ಪ್ರಕರಣಗಳು ಆ ಕೋಣೆಗಳಿಂದಲೇ ಬಂದವು. ನಮ್ಮ ಅಗ್ರಹಾರದ ಹಿಂದಿನ ಬೀದಿಯ ಈ ಕೋಣೆ ಸಿಂಗಪುರದ ತಮ್ಮ.

ಯಜಮಾನರು ಏಣಿಯ ಬುಡದಲ್ಲಿ ನಿಂತಿದ್ದರು. ನಾನೂ ಮೊದಲು ಇದೇ ಕೋಣೆಯಲ್ಲಿ ಮಲಗಿದವನು ಸಾರ್, ಆಗ ಹನ್ನೊಂದು ಜನ ಇದ್ದೆವು ಎಂದರು. ಸಮರ್ಥನೆಗೆ ಹೇಳಿದ ಮಾತೇ, ಆದರೆ ಹೇಳಿ ಮುಗಿಸುವಾಗ ಅವರ ದನಿ ಇಳಿದಿತ್ತು. ಕಾಲೇಜುಗಳು ಮುಚ್ಚಿ, ಹುಡುಗರೆಲ್ಲ ಊರಿಗೆ ಹೋಗಿ, ಸುತ್ತಮುತ್ತ ಬಾಡಿಗೆ ಕೋಣೆಗಳು ಖಾಲಿ ಬಿದ್ದಿದ್ದ ಕಾಲ ಅದು. ಎದುರು ಮನೆಯ ಮಹಡಿಯಲ್ಲಿ ಎರಡು ಕೋಣೆ ಅಗ್ಗಕ್ಕೆ ಸಿಕ್ಕವು. ಕುಂದಾಪುರದ ಕಡೆಗೆ ಹೋಗಿದ್ದ ಹುಡುಗರಲ್ಲಿ ಇಬ್ಬರು ಮರಳಿ ಬರಲಿಲ್ಲ. ಮೂರು ಕೋಣೆಗೆ ಏಳು ಜನ. ಅಡುಗೆಯವರದೇ ಒಂದು ಗುಂಪು, ಬಡಿಸುವವರದೇ ಒಂದು ಗುಂಪು. ಒಂದು ಗುಂಪಿಗೆ ಬಂದರೂ ಇನ್ನೊಂದು ಉಳಿಯಲಿ ಎಂಬ ಲೆಕ್ಕ.

ಆಗಸ್ಟಿನಲ್ಲಿ ಲೆಕ್ಕ ಪರೀಕ್ಷೆಗೆ ಬಂತು. ಭಟ್ಟರಿಗೆ ರಾತ್ರಿ ಮೈ ಬಿಸಿಯಾಯಿತು. ಅವರು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಎಂದಿನಂತೆ ಹಿಟ್ಟು ಕಲಸಲಿಲ್ಲ, ಯಜಮಾನರಿಗೆ ಫೋನ್ ಮಾಡಿದರು. ಈ ಇಡೀ ವಿಮರ್ಶೆಯಲ್ಲಿ ಒಂದೇ ಒಂದು ವಾಕ್ಯ ಓದುವುದಾದರೆ ಅದನ್ನು ಓದಿ. ಜೂನ್‌ನಲ್ಲೇ ಯಜಮಾನರು ಎಲ್ಲರನ್ನೂ ಕೂರಿಸಿ, ಜ್ವರ ಎಂದು ಹೇಳಿದವರ ಸಂಬಳ ಒಂದು ದಿನದ್ದೂ ಹಿಡಿಯುವುದಿಲ್ಲ ಎಂದು ಹೇಳಿದ್ದರು. ಹಾಜರಿ ಪುಸ್ತಕದಲ್ಲಿ ಅದಕ್ಕೊಂದು ಗುರುತೂ ಇತ್ತು, ಕೆಂಪು ಶಾಯಿಯಲ್ಲಿ ‘ಜ್ವ’. ಭಟ್ಟರ ಹೆಸರಿನ ಮುಂದೆ ಸಾಲಾಗಿ ಹದಿನೇಳು ‘ಜ್ವ’. ದಿನಗೂಲಿ ಹೋಗುತ್ತದೆ ಎಂದಾದರೆ ಯಾರೂ ಜ್ವರ ಬಂದಿದೆ ಎಂದು ಹೇಳುವುದಿಲ್ಲ, ಮಾತ್ರೆ ನುಂಗಿ ಬರುತ್ತಾರೆ; ಬಾಗಿಲ ಗನ್ನಿಗೆ ಅದು ಕಾಣುವುದಿಲ್ಲ. ಜ್ವರ ಕಾಣಿಸುವ ಒಂದೆರಡು ದಿನ ಮೊದಲೇ ಹರಡಲು ಶುರುವಾಗುವ ರೋಗಕ್ಕೆ ಗನ್ ಹೇಗಿದ್ದರೂ ಅರ್ಧ ಕುರುಡು.

ಹೋಟೆಲು ನಾಲ್ಕು ದಿನ ಮುಚ್ಚಿತು. ಬಾಗಿಲ ಮೇಲೆ ಕೈಬರಹದ ಹಲಗೆ: ‘ನಮ್ಮ ಅಡುಗೆಯವರೊಬ್ಬರಿಗೆ ಕೊರೊನಾ ಬಂದಿದೆ. ಉಳಿದವರ ಪರೀಕ್ಷೆ ನಡೆದಿದೆ. ಸೋಮವಾರದಿಂದ ತಿಂಡಿ ಇರುತ್ತದೆ.’ ಬೀದಿಯವರು ಯಜಮಾನರಿಗೆ ಹುಚ್ಚು ಎಂದರು, ರಿಪೇರಿ ಎಂದು ಬರೆಯಬಾರದಿತ್ತೇ ಎಂದರು. ತೆರೆದ ಮೇಲೆ ಎರಡು ವಾರ ವ್ಯಾಪಾರ ಅರ್ಧವಾಯಿತು. ಅಡುಗೆಯ ಗುಂಪಿನ ಇನ್ನೊಬ್ಬರಿಗೆ ಸೋಂಕು ಬಂದಿತ್ತು, ಬಡಿಸುವವರ ಗುಂಪಿನಲ್ಲಿ ಯಾರಿಗೂ ಇರಲಿಲ್ಲ. ಅದೃಷ್ಟವೂ ಇದ್ದಿರಬಹುದು, ಒಂದು ಹೋಟೆಲಿನ ಕಥೆಯಿಂದ ಸಿದ್ಧಾಂತ ಕಟ್ಟುವುದಿಲ್ಲ. ನಾನು ಮಾತ್ರ ಆ ಹಲಗೆ ಓದಿದ ಮೇಲೆ ಬೇರೆ ಕಡೆ ತಿಂಡಿಗೆ ಹೋಗಲಿಲ್ಲ. ಭಟ್ಟರು ಮರಳಿ ಬಂದ ಮೇಲೆ ಕೆಲವು ದಿನ ಸಾಗುವಿಗೆ ಉಪ್ಪು ಹೆಚ್ಚು ಬೀಳುತ್ತಿತ್ತು, ರುಚಿ ಅವರಿಗೆ ತಿಳಿಯುತ್ತಿರಲಿಲ್ಲ. ಬೇರೆಯವರು ನೋಡಿ ಹೇಳಬೇಕಿತ್ತು. ಯಾರೂ ದೂರಲಿಲ್ಲ.

ದೂರುವುದೂ ಇದೆ. ಕೈತೊಳೆಯುವ ಜಾಗದಲ್ಲಿ ಮೂರು ನಲ್ಲಿ ಒಂದೇ ಸಾಲಿನಲ್ಲಿ, ಅಲ್ಲಿ ಯಾವ ಅಂತರವೂ ಇರಲಿಲ್ಲ, ಮಾಸ್ಕ್ ಇಲ್ಲದ ಬಾಯಿಗಳು ಮುಕ್ಕಳಿಸುತ್ತ ನಿಲ್ಲುತ್ತಿದ್ದವು. ರುಬ್ಬುವ ಯಂತ್ರದ ಬಳಿಯವನ ಮಾಸ್ಕ್ ಗದ್ದದ ಮೇಲೆ ಗಡ್ಡದಂತೆ ಇರುತ್ತಿತ್ತು. ಆ ಸೆಕೆಯಲ್ಲಿ ನಾನಾದರೂ ಅದನ್ನೇ ಮಾಡುತ್ತಿದ್ದೆ. ದೋಸೆಗೆ ಐದು ರೂಪಾಯಿ ಏರಿಸಿದ್ದನ್ನು ಎಲ್ಲೂ ಬರೆದು ಹಾಕಲಿಲ್ಲ, ಬಿಲ್ಲಿನಲ್ಲಿ ನೋಡಿ ತಿಳಿಯಬೇಕಾಯಿತು. ಸೋಂಕನ್ನು ಹಲಗೆಯ ಮೇಲೆ ಬರೆಯುವವರಿಗೆ ಐದು ರೂಪಾಯಿ ಬರೆಯಲು ಏನು ಸಂಕೋಚವೋ.

2021ರ ಎರಡನೆಯ ಅಲೆಯ ಬಗ್ಗೆ ಹೆಚ್ಚು ಬರೆಯಲಾರೆ. ಆ ಏಪ್ರಿಲ್, ಮೇ ತಿಂಗಳು ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಒಗ್ಗರಣೆಯ ಸದ್ದಿರಲಿಲ್ಲ. ಏಪ್ರಿಲ್ 27ರಿಂದ ಮತ್ತೆ ಎಲ್ಲ ಮುಚ್ಚಿತು. ತೆರೆಯುವಾಗ ರಾಜ್ಯ ಸರ್ಕಾರ ಜಿಲ್ಲೆಗಳನ್ನು ಭಾಗ ಮಾಡಿತು, ನೂರು ಪರೀಕ್ಷೆಯಲ್ಲಿ ಎಷ್ಟು ಜನರಿಗೆ ಸೋಂಕು ಎಂಬ ಲೆಕ್ಕದ ಮೇಲೆ. ಜೂನ್ 21ರಿಂದ, ಶೇಕಡಾ 5ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ ಅರ್ಧ ಆಸನದೊಂದಿಗೆ, ಸಂಜೆ ಐದರವರೆಗೆ, ಏಸಿ ಇಲ್ಲದೆ ಹೋಟೆಲು ತೆರೆಯಬಹುದು. ‘ಏಸಿ ಇಲ್ಲದೆ’ ಎಂಬ ಎರಡು ಪದ ಓದಿ, ಒಂದು ವರ್ಷ ತಡವಾಗಿಯಾದರೂ ಊದುಬತ್ತಿಯ ಹೊಗೆ ವಿಧಾನಸೌಧ ತಲುಪಿತಲ್ಲ ಎಂದು ಹೆಂಡತಿಗೆ ಹೇಳಿದೆ. ಆದರೆ ಮೈಸೂರಿನಲ್ಲಿ ಆಗ ಪ್ರಮಾಣ ಶೇಕಡಾ 10ಕ್ಕಿಂತ ಹೆಚ್ಚಿತ್ತು, ನಮಗೆ ಬಾಗಿಲು ತೆರೆಯಲಿಲ್ಲ. ಪಕ್ಕದ ಮಂಡ್ಯ ಜಿಲ್ಲೆಗೆ ತೆರೆಯಿತು. ಶ್ರೀರಂಗಪಟ್ಟಣದಲ್ಲಿ ಕುಳಿತು ದೋಸೆ ತಿನ್ನಬಹುದು, ಹದಿನೈದು ಕಿಲೋಮೀಟರ್ ಈಚೆಗೆ ಕೂಡದು. ಬೀದಿಯವರು ಗೊಣಗಿದರು. ನನಗೆ ಅದು ಸರಿ ಎನಿಸಿತ್ತು. ಊರೂರಿಗೆ ಜ್ವರ ಬೇರೆ ಬೇರೆಯಾದರೆ ಬೀಗವೂ ಬೇರೆ ಬೇರೆ ಇರಬೇಕು. ಯಜಮಾನರು ಆ ದಿನಗಳಲ್ಲಿ ಪಾರ್ಸೆಲ್ ಕಟ್ಟುತ್ತ, ಹುಡುಗರನ್ನು ಲಸಿಕೆಯ ಸಾಲಿಗೆ ಇಬ್ಬಿಬ್ಬರಂತೆ ಕಳಿಸಿದರು. ಲಸಿಕೆಯ ಮರುದಿನದ ಮೈಕೈ ನೋವಿಗೂ ಪುಸ್ತಕದಲ್ಲಿ ‘ಜ್ವ’ ಬಿತ್ತು.

ಈಗಿನ ಸ್ಥಿತಿ ಹೇಳದೆ ಮುಗಿಸಿದರೆ ಓದುಗರಿಗೆ ಮೋಸ. ಕಳೆದ ವಾರ ಹೋಗಿದ್ದೆ. ಲೋಟ ಸ್ಟೀಲಿನದು, ದೇವರು ದೊಡ್ಡವನು. ಮೇಜುಗಳು ಹದಿನಾರೂ ಮರಳಿವೆ, ಬಕೆಟ್ಟುಗಳೂ. ಹಿಂಗೋಡೆಯ ಫ್ಯಾನ್ ತಿರುಗುತ್ತಿದೆ, ಗವಾಕ್ಷಿ ತೆರೆದೇ ಇವೆ. ಆದರೆ ಫ್ಯಾಮಿಲಿ ರೂಮಿನ ಅಕ್ಕಿಮೂಟೆ ಹೋಗಿ ಏಸಿ ಬಂದಿದೆ, ಗಾಜಿನ ಬಾಗಿಲು, ಇದ್ದೊಂದು ಸಣ್ಣ ಕಿಟಕಿಗೆ ಹಲಗೆ. ಒಂದು ಅಂಕ ಕಳೆದದ್ದು ಅದಕ್ಕೆ. ‘ಗಿರಾಕಿಗಳು ಕೇಳುತ್ತಾರೆ ಸಾರ್’ ಎಂದರು ಯಜಮಾನರು, ನನ್ನ ಕಣ್ಣು ತಪ್ಪಿಸಿ. ನಾನು ಹಾಲಿನಲ್ಲೇ ಕುಳಿತೆ.

ಬಡಿಸಲು ಬಂದ ಹುಡುಗ ಹೊಸಬ, ಅಸ್ಸಾಮಿನವನಂತೆ, ಒಂದು ವರ್ಷದಲ್ಲಿ ಕನ್ನಡ ಕಲಿತಿದ್ದಾನೆ. ಸಾಗು ಹಾಕುವಾಗ ಕೇಳಿದೆ, ಎಲ್ಲಿ ಮಲಗುತ್ತೀಯಪ್ಪ ಎಂದು. ನಾನು ಯಾವುದೋ ಇಲಾಖೆಯವನೆಂದುಕೊಂಡು ಅವನು ಗಲ್ಲಾದ ಕಡೆ ನೋಡಿದ. ಯಜಮಾನರು ನೋಟು ಎಣಿಸುವುದನ್ನು ನಿಲ್ಲಿಸಿದ್ದರು.

‘ಎದುರು ಮನೆ ಸಾರ್, ಮಹಡಿಯಲ್ಲಿ. ಮೂವರು ಇದ್ದೇವೆ.’

‘ಕಿಟಕಿ?’

‘ಎರಡು. ಒಂದರ ಕೊಂಡಿ ಮುರಿದಿದೆ, ಮುಚ್ಚಲು ಆಗುವುದಿಲ್ಲ.’

ಹಾಗೇ ಇರಲಿ ಎಂದೆ. ಬೆಣ್ಣೆಯನ್ನು ಈ ಸಲವೂ ಕೇಳಿ ಹಾಕಿಸಿಕೊಳ್ಳಬೇಕಾಯಿತು.